ಇಳಿಸಿಕೊಂಡ ಫೈಲು ಸರಿಯಿದೆಯೇ? ಕಮಾಂಡ್ ಲೈನಿನಲ್ಲಿ ಚೆಕ್‌ಸಮ್ ತಾಳೆ ನೋಡುವುದು ಹೇಗೆ

ಆಪರೇಟಿಂಗ್ ಸಿಸ್ಟಮ್ಮಿನ ಐಎಸ್‌ಒ ಫೈಲನ್ನೋ (ಇಡೀ ಡಿಸ್ಕಿನ ಪ್ರತಿಯನ್ನು ಒಂದೇ ಫೈಲಾಗಿ ಕಟ್ಟಿದ್ದು) ಯಾವುದೋ ಸಾಫ್ಟ್‌ವೇರನ್ನೋ ಇಳಿಸಿಕೊಳ್ಳಲು ಹೋದರೆ ಡೌನ್‌ಲೋಡ್ ಬಟನ್ನಿನ ಆಸುಪಾಸಿನಲ್ಲಿ ಅಂಕೆ, ಅಕ್ಷರ ಬೆರೆತ ಉದ್ದನೆಯ ಸಾಲೊಂದು ಕಾಣುತ್ತದೆ. ‘ಇದನ್ನಿಟ್ಟುಕೊಂಡು ಏನು ಮಾಡಬೇಕು?’ ಎಂದು ಓದುಗರು ಕೇಳುತ್ತಲೇ ಇರುತ್ತಾರೆ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ: ‘ತಾಳೆ ನೋಡಿದೆ, ಹೊಂದಲಿಲ್ಲ. ಈಗ?’ ಎರಡಕ್ಕೂ ಉತ್ತರ ಕೆಳಗಿದೆ.

ಆ ಸಾಲಿಗೆ ಚೆಕ್‌ಸಮ್ ಅಥವಾ ಹ್ಯಾಶ್ ಎನ್ನುತ್ತಾರೆ. ಫೈಲಿನ ಪ್ರತಿಯೊಂದು ಬೈಟನ್ನೂ ಓದಿ, ಲೆಕ್ಕ ಹಾಕಿ ತೆಗೆದ ನಿಗದಿತ ಉದ್ದದ ಸಂಖ್ಯೆ ಅದು. ಫೈಲು 1 ಕೆಬಿ ಇರಲಿ, 5 ಜಿಬಿ ಇರಲಿ, ಸಾಲಿನ ಉದ್ದ ಅಷ್ಟೇ. ಒಳಗೆ ಒಂದೇ ಒಂದು ಬಿಟ್ ಅದಲುಬದಲಾದರೂ ಸಾಲು ಗುರುತೇ ಸಿಗದಷ್ಟು ಬದಲಾಗುತ್ತದೆ. ಫೈಲಿನ ಹೆಸರು, ತಾರೀಖು, ಅದಿರುವ ಫೋಲ್ಡರು ಇವ್ಯಾವುವೂ ಲೆಕ್ಕಕ್ಕೆ ಸೇರುವುದಿಲ್ಲ. ಹಾಗಾಗಿ ಹೆಸರು ಬದಲಿಸಿದರೆ ಹ್ಯಾಶ್ ಬದಲಾಗದು. ಆದರೆ ಎಂಪಿ3 ಫೈಲಿನಲ್ಲಿ ಹಾಡುಗಾರರ ಹೆಸರು ತಿದ್ದಿದರೆ ಬದಲಾಗುತ್ತದೆ, ಏಕೆಂದರೆ ಆ ಹೆಸರು ಫೈಲಿನ ಒಳಗೇ ಕೂತಿರುತ್ತದೆ.

ಕಮಾಂಡುಗಳ, ಅಂದರೆ ಟೈಪ್ ಮಾಡಿ ಕೊಡುವ ಆದೇಶಗಳ ಬಗ್ಗೆ ಒಂದು ಮಾತು. ಇಲ್ಲಿ ಅವನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ಒತ್ತುವಾಗ ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಒತ್ತಿ. ‘ಎಸ್‌ಎಚ್‌ಎ256ಸಮ್’ ಎಂದರೆ ಎಸ್, ಎಚ್, ಎ, ನಂತರ 256, ನಂತರ ಎಸ್, ಯು, ಎಂ. ನಡುವೆ ಜಾಗ ಬಿಡಬಾರದು. ಅಡ್ಡಗೆರೆ, ಚುಕ್ಕೆ, ಉದ್ಧರಣ ಚಿಹ್ನೆಗಳು ಕಂಡಂತೆಯೇ.

1. ಯಾವ ಬಗೆಯ ಹ್ಯಾಶ್ ಎಂದು ಮೊದಲು ಗುರುತಿಸಿ

ತಾಣದಲ್ಲಿ ಹೆಸರು ಬರೆದಿದ್ದರೆ ಸರಿ. ಇಲ್ಲದಿದ್ದರೆ ಅಕ್ಷರಗಳನ್ನು ಎಣಿಸಿ. 32 ಇದ್ದರೆ ಸಾಮಾನ್ಯವಾಗಿ ಎಂಡಿ5, 40 ಇದ್ದರೆ ಎಸ್‌ಎಚ್‌ಎ-1, 64 ಇದ್ದರೆ ಎಸ್‌ಎಚ್‌ಎ-256, 128 ಇದ್ದರೆ ಎಸ್‌ಎಚ್‌ಎ-512. ಸಾಲಿನಲ್ಲಿ 0ಯಿಂದ 9ರವರೆಗಿನ ಅಂಕೆಗಳು, ಎ ಇಂದ ಎಫ್‌ವರೆಗಿನ ಅಕ್ಷರಗಳು ಮಾತ್ರ ಇರುತ್ತವೆ. ಜಿ, ಎಚ್ ಅಥವಾ ಜೆಡ್ ಕಂಡರೆ ನೀವು ನಕಲು ಮಾಡಿದ್ದು ಬೇರೇನನ್ನೋ.

ಒಂದಕ್ಕಿಂತ ಹೆಚ್ಚು ಕೊಟ್ಟಿದ್ದರೆ ಎಸ್‌ಎಚ್‌ಎ-256 ಅಥವಾ ಎಸ್‌ಎಚ್‌ಎ-512 ಆರಿಸಿಕೊಳ್ಳಿ. ಎಂಡಿ5 1992ರದ್ದು. ಒಂದೇ ಎಂಡಿ5 ಬರುವ ಎರಡು ಬೇರೆ ಬೇರೆ ಫೈಲುಗಳನ್ನು ಬೇಕೆಂದೇ ತಯಾರಿಸಬಹುದೆಂದು 2004ರಲ್ಲೇ ತೋರಿಸಿಯಾಯಿತು. ಎಸ್‌ಎಚ್‌ಎ-1ಕ್ಕೂ 2017ರಲ್ಲಿ ಅದೇ ಗತಿಯಾಯಿತು: ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಶೋಧಕರು ಒಂದೇ ಹ್ಯಾಶ್ ಇರುವ ಎರಡು ಪಿಡಿಎಫ್‌ಗಳನ್ನು ಪ್ರಕಟಿಸಿದರು. ತಾಣದಲ್ಲಿ ಎಂಡಿ5 ಒಂದೇ ಇದ್ದರೆ ಬಿಟ್ಟುಬಿಡಬೇಕಿಲ್ಲ. ದಾರಿಯಲ್ಲಿ ತಾನಾಗಿ ಕೆಟ್ಟ ಫೈಲನ್ನು ಅದು ಈಗಲೂ ಚೆನ್ನಾಗಿಯೇ ಹಿಡಿಯುತ್ತದೆ. ಬೇಕೆಂದು ಕೆಡಿಸಿದವರನ್ನು ಹಿಡಿಯಲು ಮಾತ್ರ ಅದನ್ನು ನಂಬಬೇಡಿ.

2. ಹ್ಯಾಶನ್ನು ಮೂಲದಿಂದಲೇ ತನ್ನಿ

ತುಂಬ ಜನ ಎಡವುವುದು ಇಲ್ಲಿ. ದೊಡ್ಡ ಫೈಲುಗಳು ಸಾಮಾನ್ಯವಾಗಿ ಮಿರರ್‌ಗಳಿಂದ ಬರುತ್ತವೆ. ಮಿರರ್ ಎಂದರೆ ಮೂಲ ತಾಣದ ಫೈಲುಗಳ ಪ್ರತಿಯನ್ನು ಇಟ್ಟುಕೊಂಡು ಹಂಚುವ ಬೇರೆ ಸರ್ವರ್. ಫೈಲನ್ನು ಯಾವ ಮಿರರ್‌ನಿಂದ ಬೇಕಾದರೂ ತನ್ನಿ, ಟೊರೆಂಟ್‌ನಿಂದ (ಬಳಕೆದಾರರೇ ಫೈಲಿನ ತುಣುಕುಗಳನ್ನು ಪರಸ್ಪರ ಹಂಚಿಕೊಳ್ಳುವ ವ್ಯವಸ್ಥೆ) ಬೇಕಾದರೂ ತನ್ನಿ. ಹ್ಯಾಶನ್ನು ಮಾತ್ರ ತಯಾರಕರ ಸ್ವಂತ ತಾಣದಿಂದ, ಎಚ್‌ಟಿಟಿಪಿಎಸ್ ಇರುವ ಪುಟದಿಂದ ತೆಗೆದುಕೊಳ್ಳಿ. ಫೈಲು, ಹ್ಯಾಶ್ ಎರಡನ್ನೂ ಒಂದೇ ಮಿರರ್‌ನಿಂದ ತಂದು ತಾಳೆ ನೋಡಿದರೆ ಡೌನ್‌ಲೋಡ್ ಪೂರ್ತಿಯಾಯಿತೆಂದು ತಿಳಿಯುತ್ತದೆ, ಅಷ್ಟೇ. ಆ ಮಿರರ್‌ನಲ್ಲಿ ಫೈಲು ಬದಲಿಸಿದವರು ಪಕ್ಕದ ಹ್ಯಾಶನ್ನು ಬದಲಿಸದೆ ಬಿಟ್ಟಾರೆಯೇ?

ಹ್ಯಾಶ್ ಜೊತೆಗೆ ಆವೃತ್ತಿ ಸಂಖ್ಯೆ, ಪ್ರೊಸೆಸರ್ ಬಗೆ, ಫೈಲಿನ ಗಾತ್ರವನ್ನೂ ಗಮನಿಸಿಟ್ಟುಕೊಳ್ಳಿ. ಮುಂದೆ ತಾಳೆ ತಪ್ಪಿದರೆ ಮೊದಲು ಬೇಕಾಗುವುದು ಇವೇ.

3. ನಿಮ್ಮ ಫೈಲಿನ ಹ್ಯಾಶ್ ತೆಗೆಯಿರಿ

ಫೈಲು ಇರುವ ಫೋಲ್ಡರಿಗೆ ‘ಸಿಡಿ’ ಕಮಾಂಡಿನಿಂದ ಹೋಗಿ. ಉದಾಹರಣೆಗೆ ಫೈಲಿನ ಹೆಸರು ‘ಸಿಸ್ಟಮ್.ಐಎಸ್‌ಒ’ ಎಂದಿಟ್ಟುಕೊಳ್ಳೋಣ.

ಲಿನಕ್ಸ್:
ಎಸ್‌ಎಚ್‌ಎ256ಸಮ್ ಸಿಸ್ಟಮ್.ಐಎಸ್‌ಒ

ಮ್ಯಾಕ್:
ಎಸ್‌ಎಚ್‌ಎಸಮ್ -ಎ 256 ಸಿಸ್ಟಮ್.ಐಎಸ್‌ಒ

ವಿಂಡೋಸ್, ಪವರ್‌ಶೆಲ್:
ಗೆಟ್-ಫೈಲ್‌ಹ್ಯಾಶ್ .\ಸಿಸ್ಟಮ್.ಐಎಸ್‌ಒ

ವಿಂಡೋಸ್, ಕಮಾಂಡ್ ಪ್ರಾಂಪ್ಟ್:
ಸರ್ಟ್‌ಯುಟಿಲ್ -ಹ್ಯಾಶ್‌ಫೈಲ್ ಸಿಸ್ಟಮ್.ಐಎಸ್‌ಒ ಎಸ್‌ಎಚ್‌ಎ256

ಕೊನೆಯದರಲ್ಲಿ ಮೊದಲ ಪದ ಸಿ, ಇ, ಆರ್, ಟಿ, ಯು, ಟಿ, ಐ, ಎಲ್. ಎಂಟಕ್ಷರ, ಒಂದೇ ಪದ.

ಮ್ಯಾಕ್‌ನಲ್ಲಿ ‘-ಎ 256’ ಬಿಟ್ಟರೂ, ಸರ್ಟ್‌ಯುಟಿಲ್‌ನಲ್ಲಿ ಕೊನೆಯ ‘ಎಸ್‌ಎಚ್‌ಎ256’ ಬಿಟ್ಟರೂ ಕಮಾಂಡು ಗೊಣಗುವುದಿಲ್ಲ. ಸುಮ್ಮನೆ ಎಸ್‌ಎಚ್‌ಎ-1 ಲೆಕ್ಕ ಹಾಕಿ 40 ಅಕ್ಷರ ಕೊಡುತ್ತದೆ. ‘ಹೊಂದುತ್ತಿಲ್ಲ’ ಎಂಬ ದೂರುಗಳಲ್ಲಿ ಇದೂ ಒಂದು ಮಾಮೂಲಿ ಕಾರಣ. ಉದ್ದವೇ ಬೇರೆಯಾಗಿದ್ದರೆ ಫೈಲಿನ ಮೇಲೆ ಅನುಮಾನ ಪಡುವ ಮೊದಲು ಕಮಾಂಡನ್ನು ನೋಡಿ. ಪವರ್‌ಶೆಲ್ ಮಾತ್ರ ತಾನಾಗಿಯೇ ಎಸ್‌ಎಚ್‌ಎ-256 ಬಳಸುತ್ತದೆ.

ಹೆಸರಿನಲ್ಲಿ ಜಾಗವಿದ್ದರೆ ಇಡೀ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ. ಇದಕ್ಕಿಂತ ಸುಲಭದ ದಾರಿ, ಹೆಸರಿನ ಮೊದಲ ಮೂರು ನಾಲ್ಕು ಅಕ್ಷರ ಒತ್ತಿ ಟ್ಯಾಬ್ ಕೀಲಿ ಒತ್ತುವುದು. ಉಳಿದದ್ದನ್ನು ಕಂಪ್ಯೂಟರೇ ತುಂಬುತ್ತದೆ. ವಿಂಡೋಸ್ ಫೈಲುಗಳ ಕೊನೆಯ ವಿಸ್ತರಣೆಯನ್ನು ಮುಚ್ಚಿಡುವುದರಿಂದಲೂ ಈ ಅಭ್ಯಾಸ ಒಳ್ಳೆಯದು.

ಕಮಾಂಡು ಕೊಟ್ಟ ಮೇಲೆ ಪರದೆ ಸುಮ್ಮನಿದ್ದರೆ ಗಾಬರಿ ಬೇಡ. ಎಷ್ಟು ಭಾಗ ಮುಗಿಯಿತೆಂದು ಇವು ತೋರಿಸುವುದಿಲ್ಲ. ದೊಡ್ಡ ಐಎಸ್‌ಒ ಹಳೆಯ ಹಾರ್ಡ್ ಡಿಸ್ಕಿನಲ್ಲಿದ್ದರೆ ನಿಮಿಷಗಳೇ ಹಿಡಿಯಬಹುದು. ಆದರೆ ಫೈಲಿನ ಹೆಸರನ್ನೇ ಕೊಡದೆ ಬರೀ ‘ಎಸ್‌ಎಚ್‌ಎ256ಸಮ್’ ಎಂದು ಎಂಟರ್ ಒತ್ತಿದ್ದರೆ, ಅದು ನೀವು ಕೀಬೋರ್ಡಿನಲ್ಲಿ ಏನಾದರೂ ಒತ್ತಲಿ ಎಂದು ಕಾಯುತ್ತ ಕೂತಿರುತ್ತದೆ. ಕಂಟ್ರೋಲ್ ಮತ್ತು ಸಿ ಒಟ್ಟಿಗೆ ಒತ್ತಿ ಹೊರಬನ್ನಿ.

4. ತಾಳೆ ನೋಡುವ ಕೆಲಸ ಕಣ್ಣಿಗೆ ಬೇಡ, ಕಂಪ್ಯೂಟರಿಗೆ ಕೊಡಿ

ಮೊದಲ ನಾಲ್ಕು, ಕೊನೆಯ ನಾಲ್ಕು ಅಕ್ಷರ ನೋಡಿ ‘ಸರಿಯಿದೆ’ ಎನ್ನುವುದು ಎಲ್ಲರ ರೂಢಿ. ತಾನಾಗಿ ಕೆಟ್ಟ ಫೈಲಿಗೆ ಇಷ್ಟು ಸಾಕು. ಮೋಸಕ್ಕೆ ಸಾಲದು. ಎಂಟು ಅಕ್ಷರ ಎಂದರೆ 32 ಬಿಟ್, ಅಂದರೆ ಸುಮಾರು 429 ಕೋಟಿ ಸಾಧ್ಯತೆ. ಕೆಡಿಸಿದ ಫೈಲಿನ ಮೂಲೆಯಲ್ಲಿ ಯಾರಿಗೂ ಬೇಡದ ಕೆಲವು ಬೈಟುಗಳನ್ನು ಬದಲಿಸುತ್ತ ಹೋದರೆ, ಆ ಎಂಟು ಅಕ್ಷರ ಹೊಂದುವಂತೆ ಮಾಡುವುದು ಈಗಿನ ಯಂತ್ರಗಳಿಗೆ ದೊಡ್ಡ ಮಾತಲ್ಲ. 64 ಅಕ್ಷರವೂ ಹೊಂದುವಂತೆ ಮಾಡಲು ಯಾರಿಂದಲೂ ಆಗಿಲ್ಲ. ಆದ್ದರಿಂದ ಎಲ್ಲ 64ನ್ನೂ ನೋಡಿ, ಮತ್ತು ಅದನ್ನು ನೀವೇ ನೋಡಬೇಡಿ.

ಪವರ್‌ಶೆಲ್‌ನಲ್ಲಿ ಹೀಗೆ:
(ಗೆಟ್-ಫೈಲ್‌ಹ್ಯಾಶ್ .\ಸಿಸ್ಟಮ್.ಐಎಸ್‌ಒ).ಹ್ಯಾಶ್ -ಇಕ್ಯು 'ತಾಣದಿಂದ ನಕಲು ಮಾಡಿದ ಹ್ಯಾಶ್'

ಉತ್ತರ ‘ಟ್ರೂ’ ಬಂದರೆ ಹೊಂದಿದೆ, ‘ಫಾಲ್ಸ್’ ಬಂದರೆ ಇಲ್ಲ. ಪವರ್‌ಶೆಲ್ ಹ್ಯಾಶನ್ನು ದೊಡ್ಡಕ್ಷರಗಳಲ್ಲಿ ತೋರಿಸುತ್ತದೆ, ತಾಣಗಳಲ್ಲಿ ಹೆಚ್ಚಾಗಿ ಸಣ್ಣಕ್ಷರ ಇರುತ್ತದೆ. ಇದು ವ್ಯತ್ಯಾಸವೇ ಅಲ್ಲ, ‘-ಇಕ್ಯು’ ಕೂಡ ಇದನ್ನು ಲೆಕ್ಕಿಸುವುದಿಲ್ಲ. ಆದರೆ ನಕಲು ಮಾಡುವಾಗ ಸಾಲಿನ ಹಿಂದೆ ಮುಂದೆ ಜಾಗ ಅಂಟಿಕೊಂಡು ಬಂದಿದ್ದರೆ ಸರಿಯಾದ ಫೈಲಿಗೂ ‘ಫಾಲ್ಸ್’ ಬರುತ್ತದೆ.

ಲಿನಕ್ಸ್‌ನಲ್ಲಿ:
ಎಕೊ "ತಾಣದ ಹ್ಯಾಶ್  ಸಿಸ್ಟಮ್.ಐಎಸ್‌ಒ" | ಎಸ್‌ಎಚ್‌ಎ256ಸಮ್ -ಸಿ

‘ಎಕೊ’ ಎಂಬುದು ಇ, ಸಿ, ಎಚ್, ಒ. ಹ್ಯಾಶಿಗೂ ಫೈಲಿನ ಹೆಸರಿಗೂ ನಡುವೆ ಎರಡು ಜಾಗ ಬಿಡಿ. ಮ್ಯಾಕ್‌ನಲ್ಲಿ ಕೊಳವೆ ಗೆರೆಯ (|) ನಂತರದ ಭಾಗ ‘ಎಸ್‌ಎಚ್‌ಎಸಮ್ -ಎ 256 -ಸಿ’ ಆಗುತ್ತದೆ. ಹೊಂದಿದರೆ ಫೈಲಿನ ಹೆಸರಿನ ಮುಂದೆ ‘ಓಕೆ’, ಇಲ್ಲದಿದ್ದರೆ ‘ಫೇಲ್ಡ್’.

5. ಹ್ಯಾಶ್ ಪಟ್ಟಿಯ ಫೈಲು ಕೊಟ್ಟಿದ್ದರೆ

ಉಬುಂಟು, ಡೆಬಿಯನ್ ಮುಂತಾದ ಲಿನಕ್ಸ್ ಬಗೆಗಳು ‘ಎಸ್‌ಎಚ್‌ಎ256ಸಮ್ಸ್’ ಎಂಬ ಹೆಸರಿನ ಪಠ್ಯ ಫೈಲನ್ನೇ ಕೊಡುತ್ತವೆ. ಈ ಹೆಸರು ಮಾತ್ರ ಪೂರ್ತಿ ದೊಡ್ಡಕ್ಷರದಲ್ಲಿ ಇರುತ್ತದೆ. ಅದನ್ನು ಐಎಸ್‌ಒ ಇರುವ ಫೋಲ್ಡರಿನಲ್ಲೇ ಇಟ್ಟು ಹೀಗೆ ಕೊಡಿ:

ಎಸ್‌ಎಚ್‌ಎ256ಸಮ್ -ಸಿ --ಇಗ್ನೋರ್-ಮಿಸಿಂಗ್ ಎಸ್‌ಎಚ್‌ಎ256ಸಮ್ಸ್

ಪಟ್ಟಿಯಲ್ಲಿ ಹಲವು ಐಎಸ್‌ಒಗಳ ಹ್ಯಾಶ್ ಇರುತ್ತದೆ, ನಿಮ್ಮ ಬಳಿ ಇರುವುದು ಒಂದು. ‘ಇಗ್ನೋರ್-ಮಿಸಿಂಗ್’ ಹಾಕದಿದ್ದರೆ ಇಲ್ಲದ ಪ್ರತಿಯೊಂದು ಫೈಲಿಗೂ ದೋಷದ ಸಾಲು ಬರುತ್ತದೆ, ಅದರ ನಡುವೆ ನಿಮಗೆ ಬೇಕಾದ ‘ಓಕೆ’ ಹೂತುಹೋಗುತ್ತದೆ. ‘ನೋ ಫೈಲ್ ವಾಸ್ ವೆರಿಫೈಡ್’ ಎಂದು ಬಂದರೆ ಪಟ್ಟಿಯಲ್ಲಿರುವ ಯಾವ ಹೆಸರೂ ನಿಮ್ಮ ಫೋಲ್ಡರಿನಲ್ಲಿಲ್ಲ ಎಂದರ್ಥ. ಬ್ರೌಸರು ಎರಡನೇ ಸಲ ಇಳಿಸಿದ ಫೈಲಿನ ಹೆಸರಿನ ಕೊನೆಗೆ 1 ಸೇರಿಸಿರುವುದು ಇದಕ್ಕೆ ಸಾಮಾನ್ಯ ಕಾರಣ. ಹೆಸರನ್ನು ಪಟ್ಟಿಯಲ್ಲಿದ್ದಂತೆ ತಿದ್ದಿ, ಮತ್ತೆ ನೋಡಿ.

ಪಟ್ಟಿಯನ್ನು ನೀವೇ ವಿಂಡೋಸಿನಲ್ಲಿ ತಯಾರಿಸಿ ಲಿನಕ್ಸ್‌ಗೆ ಒಯ್ದಿದ್ದರೆ ಇನ್ನೆರಡು ತೊಡಕು ಬರಬಹುದು. ವಿಂಡೋಸ್ ಪಠ್ಯದಲ್ಲಿ ಸಾಲಿನ ಕೊನೆಗೆ ಕಾಣದ ಒಂದು ಅಕ್ಷರ ಹೆಚ್ಚಿಗೆ ಇರುತ್ತದೆ. ಅದನ್ನೂ ಫೈಲಿನ ಹೆಸರಿನ ಭಾಗವೆಂದು ತಿಳಿದು ಕಮಾಂಡು ‘ಅಂಥ ಫೈಲಿಲ್ಲ’ ಎನ್ನಬಹುದು, ಫೈಲು ಕಣ್ಣೆದುರೇ ಇದ್ದರೂ. ಇನ್ನು ವಿಂಡೋಸಿನ ಜೊತೆಗೇ ಬರುವ ಪವರ್‌ಶೆಲ್ 5.1ರಲ್ಲಿ ‘>’ ಚಿಹ್ನೆಯಿಂದ ಫೈಲಿಗೆ ಬರೆಸಿದರೆ ಅದು ಯುಟಿಎಫ್-16 ಎಂಬ, ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಬೇರೊಂದು ಕ್ರಮದಲ್ಲಿ ಕೂರುತ್ತದೆ, ಲಿನಕ್ಸ್ ಕಮಾಂಡಿಗೆ ಒಂದು ಸಾಲೂ ಅರ್ಥವಾಗುವುದಿಲ್ಲ. ಪಟ್ಟಿಯನ್ನು ಯುಟಿಎಫ್-8ರಲ್ಲಿ, ಲಿನಕ್ಸ್ ಬಗೆಯ ಸಾಲಿನ ಕೊನೆ ಇಟ್ಟು ಉಳಿಸಿಕೊಂಡರೆ ಎರಡೂ ಪರಿಹಾರವಾಗುತ್ತವೆ.

6. ಹೊಂದದಿದ್ದರೆ

ತಕ್ಷಣ ‘ಹ್ಯಾಕ್ ಆಗಿದೆ’ ಎಂದುಕೊಳ್ಳಬೇಡಿ. ಫೈಲನ್ನು ತೆರೆಯುವುದಾಗಲಿ ಇನ್‌ಸ್ಟಾಲ್ ಮಾಡುವುದಾಗಲಿ ಬೇಡ. ಕೆಳಗಿನ ಕ್ರಮದಲ್ಲಿ ಹುಡುಕಿ.

ಮೊದಲು ಗಾತ್ರ. ತಾಣದಲ್ಲಿ ಹೇಳಿದ್ದಕ್ಕಿಂತ ಕಡಿಮೆ ಇದ್ದರೆ ಡೌನ್‌ಲೋಡ್ ಅರ್ಧಕ್ಕೆ ನಿಂತಿದೆ. ಹೆಸರಿನ ಕೊನೆಗೆ ‘ಸಿಆರ್‌ಡೌನ್‌ಲೋಡ್’ ಅಥವಾ ‘ಪಾರ್ಟ್’ ಇದ್ದರೆ ಕ್ರೋಮ್ ಅಥವಾ ಫೈರ್‌ಫಾಕ್ಸ್ ಇನ್ನೂ ಕೆಲಸ ಮುಗಿಸಿಲ್ಲ. ಐಎಸ್‌ಒ ಎಂದುಕೊಂಡದ್ದು ಕೆಲವೇ ಕೆಬಿ ಇದ್ದರೆ ನೀವು ಉಳಿಸಿಕೊಂಡದ್ದು ಬಹುಶಃ ಒಂದು ಎಚ್‌ಟಿಎಂಎಲ್ ಪುಟ. ವೈಫೈ ಲಾಗಿನ್ ಪುಟವೋ ‘ಫೈಲು ಸಿಗಲಿಲ್ಲ’ ಎಂಬ ಪುಟವೋ ಆ ಹೆಸರಿನಲ್ಲಿ ಬಂದು ಕೂತಿರುತ್ತದೆ. ಎಸ್‌ಎಚ್‌ಎ-256 ಹ್ಯಾಶ್ ‘ಇ3ಬಿ0ಸಿ442’ ಎಂದು ಶುರುವಾದರೆ ಫೈಲು ಪೂರ್ತಿ ಖಾಲಿ, ಸೊನ್ನೆ ಬೈಟು. ಖಾಲಿ ಫೈಲಿನ ಹ್ಯಾಶ್ ಯಾವ ಕಂಪ್ಯೂಟರಿನಲ್ಲೂ ಇದೇ. ಎಂಡಿ5 ಆದರೆ ‘ಡಿ41ಡಿ8ಸಿಡಿ9’. ಈ ಎರಡನ್ನು ನೆನಪಿಟ್ಟುಕೊಂಡರೆ ಎಷ್ಟೋ ತಲೆನೋವು ಉಳಿಯುತ್ತದೆ.

ಗಾತ್ರ ಸರಿಯಿದ್ದರೆ ಆವೃತ್ತಿ ನೋಡಿ. ತಾಣದಲ್ಲಿ ಹೊಸ ಆವೃತ್ತಿಯ ಹ್ಯಾಶ್ ಇದ್ದು ನಿಮ್ಮಲ್ಲಿರುವುದು ಹಿಂದಿನದಾಗಿರಬಹುದು. ಮ್ಯಾಕ್‌ನಲ್ಲಿ ಸಫಾರಿ ಬಳಸಿದ್ದರೆ ಇನ್ನೊಂದು ಸಾಧ್ಯತೆ: ಇಳಿಸಿದ ಜಿಪ್ ಫೈಲನ್ನು ಅದು ತಾನಾಗಿಯೇ ಬಿಚ್ಚಿಡುತ್ತದೆ. ತಾಣದ ಹ್ಯಾಶ್ ಜಿಪ್‌ನದ್ದು, ನಿಮ್ಮ ಕೈಯಲ್ಲಿರುವುದು ಬಿಚ್ಚಿದ್ದು. ಅದನ್ನೇ ಮತ್ತೆ ಜಿಪ್ ಮಾಡಿದರೂ ಹೊಂದುವುದಿಲ್ಲ. ಸಫಾರಿಯ ಜನರಲ್ ಸೆಟ್ಟಿಂಗಿನಲ್ಲಿ ‘ಸುರಕ್ಷಿತ’ ಫೈಲುಗಳನ್ನು ಇಳಿದ ಮೇಲೆ ತೆರೆಯುವ ಆಯ್ಕೆಯನ್ನು ತೆಗೆದು ಇನ್ನೊಮ್ಮೆ ಇಳಿಸಿ.

ಇದೂ ಅಲ್ಲವೆಂದಾದರೆ ಅದೇ ಫೈಲಿನ ಹ್ಯಾಶನ್ನು ಇನ್ನೆರಡು ಸಲ ತೆಗೆಯಿರಿ. ಪ್ರತಿ ಸಲವೂ ಒಂದೇ ತಪ್ಪು ಹ್ಯಾಶ್ ಬಂದರೆ ಫೈಲೇ ಬೇರೆ. ಪ್ರತಿ ಸಲ ಒಂದೊಂದು ಹ್ಯಾಶ್ ಬಂದರೆ ತೊಂದರೆ ಫೈಲಿನದ್ದಲ್ಲ, ಯಂತ್ರದ್ದು: ಕೆಟ್ಟ ರ್‍ಯಾಮ್, ಸಡಿಲ ಯುಎಸ್‌ಬಿ ಕೇಬಲ್, ಸಾಯುತ್ತಿರುವ ಡಿಸ್ಕ್. ಇಂಥ ಕಂಪ್ಯೂಟರಿನಲ್ಲಿ ಎಷ್ಟು ಸಲ ಇಳಿಸಿಕೊಂಡರೂ ಪ್ರಯೋಜನವಿಲ್ಲ. ಬೇರೆ ಕೆಲಸಕ್ಕೆ ಕೈ ಹಾಕುವ ಮುಂಚೆ ಮುಖ್ಯ ಫೈಲುಗಳನ್ನು ಹೊರಗೆ ನಕಲು ಮಾಡಿ, ಆಮೇಲೆ ಮೆಮೊರಿ ಪರೀಕ್ಷೆ ಮಾಡಿಸಿ.

ಫೈಲೇ ಬೇರೆ ಎಂದು ಖಚಿತವಾದರೆ ಬೇರೊಂದು ಮಿರರ್‌ನಿಂದ ಮೊದಲಿನಿಂದ ಇಳಿಸಿ. ಗಾತ್ರ ಪೂರ್ತಿ ಇದ್ದು ಒಳಗೆ ಕೆಟ್ಟಿರುವಾಗ ‘ಮುಂದುವರಿಸು’ ಬಟನ್ನಿನಿಂದ ಏನೂ ಆಗದು. ಅದು ಕಡಿಮೆ ಬಿದ್ದ ಬಾಲವನ್ನಷ್ಟೇ ಸೇರಿಸುತ್ತದೆ. ಅದೇ ಆವೃತ್ತಿಗೆ ಅಧಿಕೃತ ಟೊರೆಂಟ್ ಇದ್ದರೆ ಚಂದದ ಉಪಾಯವೊಂದಿದೆ. ಕೆಟ್ಟ ಐಎಸ್‌ಒವನ್ನೇ ಟೊರೆಂಟಿನ ಫೋಲ್ಡರಿನಲ್ಲಿ ಅದೇ ಹೆಸರಿನಲ್ಲಿಟ್ಟು ‘ರೀಚೆಕ್’ ಕೊಡಿ. ಟೊರೆಂಟಿನಲ್ಲಿ ಪ್ರತಿ ತುಣುಕಿಗೂ ಪ್ರತ್ಯೇಕ ಹ್ಯಾಶ್ ಇರುವುದರಿಂದ ಕೆಟ್ಟ ತುಣುಕುಗಳನ್ನಷ್ಟೇ ಹೊಸದಾಗಿ ತರಿಸಿಕೊಳ್ಳುತ್ತದೆ. ನಿಧಾನ ಸಂಪರ್ಕದಲ್ಲಿರುವವರಿಗೆ ಇದು ಗಂಟೆಗಟ್ಟಲೆ ಉಳಿಸಬಲ್ಲದು.

7. ಪಟ್ಟಿಯನ್ನು ನಂಬಬಹುದೇ: ಡಿಜಿಟಲ್ ಸಹಿ

ಹ್ಯಾಶ್ ಹೊಂದಿತೆಂದರೆ ನಿಮ್ಮ ಫೈಲು ಆ ಪಟ್ಟಿಯಲ್ಲಿರುವ ಫೈಲೇ ಹೌದು. ಪಟ್ಟಿ ಬರೆದವರು ಯಾರೆಂದು ಹ್ಯಾಶ್ ಹೇಳುವುದಿಲ್ಲ. 2016ರ ಫೆಬ್ರವರಿಯಲ್ಲಿ ಲಿನಕ್ಸ್ ಮಿಂಟ್‌ನ ಜಾಲತಾಣಕ್ಕೇ ನುಗ್ಗಿದವರು ಡೌನ್‌ಲೋಡ್ ಕೊಂಡಿಯನ್ನು ತಿರುಗಿಸಿ, ಗುಟ್ಟಾಗಿ ಒಳನುಗ್ಗುವ ಹಿಂಬಾಗಿಲು ಸೇರಿಸಿದ ಐಎಸ್‌ಒವನ್ನು ಜನರಿಗೆ ಕೊಟ್ಟರು. ಪುಟವೇ ಶತ್ರುವಿನ ಕೈಯಲ್ಲಿದ್ದರೆ ಅದರಲ್ಲಿ ಬರೆದ ಹ್ಯಾಶ್ ಬದಲಿಸುವುದು ಒಂದು ನಿಮಿಷದ ಕೆಲಸ. ಬೇಲಿಯೇ ಎದ್ದು ಹೊಲ ಮೇಯುವ ಇಂಥ ಸಂದರ್ಭಕ್ಕಾಗಿ ಪಟ್ಟಿಯ ಜೊತೆ ಸಹಿಯ ಫೈಲೊಂದನ್ನು ಇಡುತ್ತಾರೆ. ಉಬುಂಟುವಿನಲ್ಲಿ ಅದರ ವಿಸ್ತರಣೆ ‘.ಜಿಪಿಜಿ’, ಡೆಬಿಯನ್‌ನಲ್ಲಿ ‘.ಸೈನ್’. ಸಹಿ ಹಾಕಲು ಬೇಕಾದ ಗುಟ್ಟಿನ ಕೀಲಿ ವೆಬ್ ಸರ್ವರಿನಲ್ಲಿ ಇರುವುದಿಲ್ಲ, ಅಥವಾ ಇರಬಾರದು.

ಇದಕ್ಕೆ ಜಿಪಿಜಿ ಎಂಬ ಸಲಕರಣೆ ಬೇಕು. ಲಿನಕ್ಸ್‌ಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ವಿಂಡೋಸ್, ಮ್ಯಾಕ್‌ಗೆ ಬೇರೆಯಾಗಿ ಹಾಕಿಕೊಳ್ಳಬೇಕು. ತಯಾರಕರು ಹೇಳಿದ ರೀತಿಯಲ್ಲಿ ಅವರ ಸಾರ್ವಜನಿಕ ಕೀಲಿಯನ್ನು (ಸಹಿಯನ್ನು ಪರೀಕ್ಷಿಸಲು ಎಲ್ಲರಿಗೂ ಕೊಡುವ ಕೀಲಿ) ಸೇರಿಸಿಕೊಂಡು ಹೀಗೆ ಕೊಡಿ, ಸಹಿಯ ಫೈಲು ಮೊದಲು:

ಜಿಪಿಜಿ --ವೆರಿಫೈ ಎಸ್‌ಎಚ್‌ಎ256ಸಮ್ಸ್.ಜಿಪಿಜಿ ಎಸ್‌ಎಚ್‌ಎ256ಸಮ್ಸ್

‘ನೋ ಪಬ್ಲಿಕ್ ಕೀ’ ಎಂದರೆ ಕೀಲಿ ಇನ್ನೂ ನಿಮ್ಮಲ್ಲಿಲ್ಲ. ‘ಬ್ಯಾಡ್ ಸಿಗ್ನೇಚರ್’ ಎಂದರೆ ಪಟ್ಟಿ ತಿದ್ದುಪಡಿಯಾಗಿದೆ ಅಥವಾ ಕೆಟ್ಟಿದೆ, ಅಲ್ಲಿಗೇ ನಿಲ್ಲಿಸಿ. ‘ಗುಡ್ ಸಿಗ್ನೇಚರ್’ ಬಂದರೂ ಅದರ ಕೆಳಗೇ ‘ಈ ಕೀಲಿಯನ್ನು ನಂಬಿಕಸ್ಥರು ದೃಢೀಕರಿಸಿಲ್ಲ’ ಎಂಬರ್ಥದ ಎಚ್ಚರಿಕೆ ಬರುವುದುಂಟು. ಅದು ದೋಷವಲ್ಲ, ‘ಈ ಕೀಲಿ ನಿಜವಾಗಿ ಅವರದ್ದೇ ಎಂದು ನೀನೇ ಪರಿಶೀಲಿಸು’ ಎನ್ನುತ್ತಿದೆ. ಅದು ತೋರಿಸುವ 40 ಅಕ್ಷರಗಳ ಫಿಂಗರ್‌ಪ್ರಿಂಟನ್ನು, ಅಂದರೆ ಕೀಲಿಯ ಗುರುತನ್ನು, ಬೇರೊಂದು ದಾರಿಯಿಂದ ಸಿಕ್ಕಿದ ಫಿಂಗರ್‌ಪ್ರಿಂಟಿನ ಜೊತೆ ಪೂರ್ತಿ ಹೋಲಿಸಿ. ಕೊನೆಯ ಎಂಟು ಅಕ್ಷರದ ಕಿರು ಗುರುತು ಸಾಲದು, ಅಂಥದ್ದನ್ನು ನಕಲಿ ಮಾಡಬಹುದು. ಈ ಹಂತ ಮುಗಿದ ಮೇಲೆ 5ನೇ ಹಂತದ ‘ಓಕೆ’ಗೆ ತೂಕ ಬರುತ್ತದೆ.

8. ನಿಮ್ಮದೇ ಬ್ಯಾಕಪ್ಪಿಗೆ

ಫೋಟೋ, ದಾಖಲೆಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿದಾಗ ಎಲ್ಲವೂ ಸರಿಯಾಗಿ ಹೋಯಿತೇ ಎಂದು ನೋಡಲೂ ಇದೇ ಸಲಕರಣೆ ಸಾಕು. ಮೂಲ ಫೋಲ್ಡರಿನೊಳಗೆ ನಿಂತು:

ಫೈಂಡ್ . -ಟೈಪ್ ಎಫ್ -ಎಕ್ಸೆಕ್ ಎಸ್‌ಎಚ್‌ಎ256ಸಮ್ {} + > ../ಪಟ್ಟಿ.ಟಿಎಕ್ಸ್‌ಟಿ

‘ಎಕ್ಸೆಕ್’ ಎಂಬುದು ಇ, ಎಕ್ಸ್, ಇ, ಸಿ. ಮ್ಯಾಕ್‌ನಲ್ಲಿ ಹ್ಯಾಶ್ ಕಮಾಂಡಿನ ಜಾಗಕ್ಕೆ ‘ಎಸ್‌ಎಚ್‌ಎಸಮ್ -ಎ 256’ ಹಾಕಿ. ಗೆಟ್-ಫೈಲ್‌ಹ್ಯಾಶ್‌ಗೆ ‘-ಸಿ’ಯಂಥ ಸೌಲಭ್ಯವಿಲ್ಲ, ವಿಂಡೋಸಿನಲ್ಲಿ ಡಬ್ಲ್ಯುಎಸ್‌ಎಲ್ ಅಥವಾ ಗಿಟ್ ಬ್ಯಾಶ್ (ವಿಂಡೋಸಿನೊಳಗೇ ಲಿನಕ್ಸ್ ಕಮಾಂಡು ಓಡಿಸುವ ಸಲಕರಣೆಗಳು) ತೆರೆದು ಇದೇ ಲಿನಕ್ಸ್ ಕಮಾಂಡು ಬಳಸುವುದು ಉತ್ತಮ.

‘../’ ಇರುವುದು ಸುಮ್ಮನಲ್ಲ. ಪಟ್ಟಿಯನ್ನು ಅದೇ ಫೋಲ್ಡರಿನೊಳಗೆ ಬರೆಸಿದರೆ, ಇನ್ನೂ ಅರ್ಧ ಬರೆದ ಪಟ್ಟಿಯ ಹ್ಯಾಶೂ ಪಟ್ಟಿಗೆ ಸೇರಿಕೊಂಡು ಮುಂದೆ ಪ್ರತಿ ಸಲವೂ ಒಂದು ಸುಳ್ಳು ‘ಫೇಲ್ಡ್’ ಕಾಡುತ್ತದೆ.

ಈಗ ಫೋಲ್ಡರನ್ನೂ ಅದರ ಪಕ್ಕಕ್ಕೆ ಪಟ್ಟಿಯನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿ. ಮುಗಿದ ಕೂಡಲೇ ಪರೀಕ್ಷಿಸಬೇಡಿ. ಈಗ ತಾನೇ ಬರೆದ ಮಾಹಿತಿ ರ್‍ಯಾಮಿನಲ್ಲೂ ಇರುತ್ತದೆ; ಕಮಾಂಡು ಅಲ್ಲಿಂದಲೇ ಓದಿ, ಡಿಸ್ಕನ್ನು ಮುಟ್ಟದೆ ‘ಓಕೆ’ ಎಂದುಬಿಡಬಹುದು. ಡಿಸ್ಕನ್ನು ಸುರಕ್ಷಿತವಾಗಿ ಇಜೆಕ್ಟ್ ಮಾಡಿ, ಕಳಚಿ, ಮತ್ತೆ ಜೋಡಿಸಿ, ಅಲ್ಲಿನ ಫೋಲ್ಡರಿನೊಳಗೆ ನಿಂತು:

ಎಸ್‌ಎಚ್‌ಎ256ಸಮ್ -ಸಿ --ಕ್ವಯಟ್ ../ಪಟ್ಟಿ.ಟಿಎಕ್ಸ್‌ಟಿ

‘ಕ್ವಯಟ್’ ಇದ್ದರೆ ಸರಿಯಿರುವ ಫೈಲುಗಳ ಬಗ್ಗೆ ಏನೂ ಹೇಳದು, ತಪ್ಪಿದ್ದನ್ನಷ್ಟೇ ತೋರಿಸುತ್ತದೆ. ಒಂದು ಸಾಲೂ ಬರಲಿಲ್ಲವೆಂದರೆ ಎಲ್ಲ ಹೊಂದಿದೆ. ‘.ಡಿಎಸ್_ಸ್ಟೋರ್’ ಎಂಬ ಹೆಸರಿನ ಫೈಲು ತಪ್ಪಿದೆ ಎಂದು ಬಂದರೆ ಬಿಟ್ಟುಬಿಡಿ. ಅದು ಮ್ಯಾಕ್ ತನ್ನ ಅನುಕೂಲಕ್ಕೆ ಬರೆದುಕೊಳ್ಳುವ ಫೈಲು, ಫೋಲ್ಡರು ತೆರೆದು ನೋಡಿದರೂ ಬದಲಾಗಬಹುದು.

‘-ಸಿ’ ನೋಡುವುದು ಪಟ್ಟಿಯಲ್ಲಿರುವ ಫೈಲುಗಳನ್ನು ಮಾತ್ರ. ಆಮೇಲೆ ಸೇರಿಸಿದ ಫೋಟೋಗಳು ಅದರ ಕಣ್ಣಿಗೆ ಬೀಳುವುದಿಲ್ಲ, ಅವು ಕೆಟ್ಟರೂ ತಿಳಿಯುವುದಿಲ್ಲ. ಹೊಸ ಫೈಲು ಸೇರಿಸಿದಾಗ ಮೊದಲು ಹಳೆಯ ಪಟ್ಟಿಯಿಂದ ಪರೀಕ್ಷಿಸಿ, ಎಲ್ಲ ಸರಿಯಿದ್ದರೆ ಮಾತ್ರ ಹೊಸ ಪಟ್ಟಿ ಮಾಡಿ. ಪರೀಕ್ಷಿಸದೆ ಪಟ್ಟಿಯನ್ನು ಹೊಸದು ಮಾಡಿದರೆ ಅಷ್ಟರಲ್ಲಿ ಕೆಟ್ಟಿದ್ದ ಫೋಟೋದ ಹ್ಯಾಶೇ ‘ಸರಿಯಾದ’ ಹ್ಯಾಶ್ ಆಗಿ ದಾಖಲಾಗುತ್ತದೆ, ಮುಂದೆ ಎಷ್ಟು ಸಲ ನೋಡಿದರೂ ‘ಓಕೆ’ ಎಂದೇ ಬರುತ್ತದೆ. ಹಳೆಯ ಪಟ್ಟಿಗಳನ್ನು ಅಳಿಸದೆ ತಾರೀಖು ಹಾಕಿ ಇಟ್ಟುಕೊಳ್ಳಿ; ಸಾವಿರಾರು ಫೈಲಿನ ಪಟ್ಟಿಯೂ ಕೆಲವು ನೂರು ಕೆಬಿ ದಾಟುವುದು ಕಡಿಮೆ.